ಮೈಯ ನೀರು ಮೈಯಲ್ಲೇ ಇರಲಿ

ಈ ವಾರ ಒಂದೇ ಲಕೋಟೆಯಲ್ಲಿ ಎರಡು ಪತ್ರಗಳು ಬಂದಿವೆ. ವಿಜಯಪುರದ ಕಡೆಯ ಒಂದು ಊರಿನಿಂದ. ಒಂದನ್ನು ಬರೆದವಳು ಆರನೆಯ ತರಗತಿಯ ಹುಡುಗಿ. ಇನ್ನೊಂದನ್ನು ಬರೆದವರು ಅವಳ ಮುತ್ಯಾ. ಆ ಕಡೆ ಅಜ್ಜನನ್ನು ಹಾಗೆ ಕರೆಯುತ್ತಾರೆ, ಮೈಸೂರು, ಮಂಗಳೂರಿನ ಮಕ್ಕಳಿಗೆ ಗೊತ್ತಿರಲಿ ಎಂದು ಹೇಳಿದೆ. ಲಕೋಟೆ ಒಂದೇ ಆದರೂ ಒಬ್ಬರ ಪತ್ರವನ್ನು ಇನ್ನೊಬ್ಬರು ಓದಿಲ್ಲ ಎಂದು ಇಬ್ಬರೂ ಒತ್ತಿ ಹೇಳಿದ್ದಾರೆ.

ಹುಡುಗಿಯ ದೂರು ಹೀಗಿದೆ. ಚಳಿಗಾಲ ಬಂತೆಂದರೆ ಅವಳ ಕೈಕಾಲು ಬೂದಿ ಬಳಿದ ಹಾಗೆ ಆಗುತ್ತದೆ. ತರಗತಿಯಲ್ಲಿ ಹಿಂದಿನ ಸಾಲಿನವರು ಅವಳ ಮೊಣಕೈ ಮೇಲೆ ಉಗುರಿನಿಂದ ಗೀಟು ಎಳೆದು, ಬಿಳಿ ಗೆರೆ ಮೂಡಿದ್ದನ್ನು ನೋಡಿ ನಗುತ್ತಾರಂತೆ. ಅವಳಿಗೆ 'ಸ್ಲೇಟು' ಎಂದು ಹೆಸರಿಟ್ಟಿದ್ದಾರೆ. ಮೊಬೈಲಿನಲ್ಲಿ ಒಂದು ಸೀರಮ್ಮಿನ ಜಾಹೀರಾತು ನೋಡಿದ್ದಾಳೆ. ಬೆಲೆ 600 ರೂಪಾಯಿ. ಮುತ್ಯಾ ಕೊಡಿಸುವುದಿಲ್ಲ. 'ನೀವಾದರೂ ಅವರಿಗೆ ಹೇಳಿ' ಎನ್ನುತ್ತಾಳೆ.

ಮುತ್ಯಾ ಬರೆದದ್ದು ಒಂದೂವರೆ ಪುಟ. ಈಗಿನ ಹುಡುಗರ ಶೋಕಿ, ತಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ, ಮೊಮ್ಮಗಳಿಗೆ ನಾನು ನಾಲ್ಕು ಬುದ್ಧಿಮಾತು ಹೇಳಬೇಕು. ಆಮೇಲೆ ಪುಟದ ಕೊನೆಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಾಲು: ರಾತ್ರಿ ಮೊಣಕಾಲ ಕೆಳಗೆ ತುರಿಕೆ ಎದ್ದು ನಿದ್ದೆ ಬರುವುದಿಲ್ಲ, ಹಿಮ್ಮಡಿ ಒಡೆದು ರಕ್ತ ಬರುತ್ತದೆ, ಸಕ್ಕರೆ ಕಾಯಿಲೆ ಇದೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಇರಬೇಕು.

ನನಗೆ ಆ ಎರಡು ಸಾಲೇ ಮುಖ್ಯ ಅನ್ನಿಸಿತು. ಏಕೆಂದರೆ ಮೊಮ್ಮಗಳ ಬೂದಿಗಾಲು, ಮುತ್ಯಾನ ತುರಿಕೆ ಎರಡೂ ಒಂದೇ ತೊಂದರೆ. ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ಔಷಧ ಬೇಕಾಗಿದೆ, ಇಬ್ಬರೂ ಅದರ ವಿಷಯಕ್ಕೇ ಜಗಳವಾಡುತ್ತಿದ್ದಾರೆ!

ನಮ್ಮ ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಚಪ್ಪಟೆಯಾದ ಆ ಕೋಶಗಳು ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಕೂತಿವೆ. ನಡುವೆ ಗಾರೆಯ ಹಾಗೆ ಕೊಬ್ಬಿನ ಪದಾರ್ಥ ತುಂಬಿದೆ. ಅಂಗೈ, ಅಂಗಾಲು ಬಿಟ್ಟರೆ ಉಳಿದ ಕಡೆ ಈ ಗೋಡೆ ನಿಮ್ಮ ನೋಟ್‌ಬುಕ್ಕಿನ ಹಾಳೆಗಿಂತಲೂ ತೆಳು. ಆದರೂ ಒಳಗಿನ ನೀರು ಹೊರಗೆ ಆರಿಹೋಗದಂತೆ ತಡೆಯುವುದು ಇದೇ. ಚಳಿಗಾಲದ ಒಣಗಾಳಿ, ಸುಡುವ ಬಿಸಿನೀರು, ತುಂಬ ಸೋಪು ಇವು ಗಾರೆಯನ್ನು ಕೆರೆದು ಹಾಕುತ್ತವೆ. ಆಗ ನೀರು ಆರುತ್ತದೆ. ಇಟ್ಟಿಗೆಗಳ ಅಂಚು ಮೇಲೆದ್ದು ಪುಡಿಪುಡಿಯಾಗಿ ನಿಲ್ಲುತ್ತವೆ. ಬೆಳಕು ಆ ಅಂಚುಗಳಿಗೆ ತಾಗಿ ಚೆದರುವುದರಿಂದ ಮೈ ಬೂದಿಬಣ್ಣ ಕಾಣುತ್ತದೆ.

ಪುಟ್ಟಿ, ನಿನ್ನ ಗೆಳತಿಯರು ಸ್ಲೇಟು ಅಂದರಲ್ಲ, ಸ್ಲೇಟನ್ನೇ ನೋಡು. ಬಳಪದ ಪುಡಿ ಹತ್ತಿದ ಒಣ ಸ್ಲೇಟು ಮಸುಕಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ಮಿರಮಿರನೆ ಕಪ್ಪಾಗಿ ಹೊಳೆಯುತ್ತದೆ. ನೀನು ಸೀರಮ್ ಹಚ್ಚಿದರೂ, ನಾನು ಮುಂದೆ ಹೇಳುವ ಅಗ್ಗದ ಸಾಮಾನು ಹಚ್ಚಿದರೂ ಆಗುವುದು ಇಷ್ಟೇ. ಬೂದಿ ಹೋಗುತ್ತದೆ, ನಿನ್ನ ಬಣ್ಣ ನಿನಗೆ ವಾಪಸು ಬರುತ್ತದೆ. ಬೆಳ್ಳಗಾಗುವ ಮಾತು ಬೇರೆ. ಆ ಮಾತಿಗೆ ಮರುಳಾಗಬೇಡ. ಬಿಳುಪಿಗೆಂದು ಅಂಗಡಿಯವರು ಕೊಡುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವೈದ್ಯರು ಹೇಳದೆ ಅದನ್ನು ತಿಂಗಳುಗಟ್ಟಲೆ ಹಚ್ಚಿಕೊಂಡವರ ಚರ್ಮ ತೆಳುವಾಗಿ, ಕೆಂಪಾಗಿ, ಮುಖದಲ್ಲಿ ಕೂದಲು ಬೆಳೆದದ್ದೂ ಉಂಟು.

ಇನ್ನು, ಮನೆಯಲ್ಲಿ ಅಪ್ಪ ಅಮ್ಮನಿಗೆ ಇಲ್ಲದ ತೊಂದರೆ ನಿಮ್ಮಿಬ್ಬರಿಗೇ ಏಕೆ? ಚರ್ಮದಲ್ಲಿ ಎಣ್ಣೆ ಸುರಿಸುವ ಗ್ರಂಥಿಗಳಿವೆ. ಮಕ್ಕಳಲ್ಲಿ ಅವು ಇನ್ನೂ ಅರೆನಿದ್ದೆಯಲ್ಲಿರುತ್ತವೆ. ಹರೆಯಕ್ಕೆ ಬರುವಾಗ ಎಚ್ಚರಾಗುತ್ತವೆ, ಆಗ ಬರುವುದೇ ಮೊಡವೆ. ವಯಸ್ಸಾದ ಮೇಲೆ ಚರ್ಮದ ಎಣ್ಣೆ, ಗಾರೆಯ ಕೊಬ್ಬು ಎರಡೂ ಕಡಿಮೆಯಾಗುತ್ತಾ ಹೋಗುತ್ತವೆ. ಹಾಗಾಗಿ ಮನೆಯ ಎರಡು ತುದಿಗಳು, ಅಂದರೆ ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳು, ಒಣಗುತ್ತವೆ. ಮೊಣಕಾಲ ಕೆಳಗಿನ ಮುಂಭಾಗದಲ್ಲಿ ಈ ಗ್ರಂಥಿಗಳು ಮೊದಲೇ ಕಡಿಮೆ. ತುರಿಕೆ ಅಲ್ಲಿಂದಲೇ ಶುರುವಾಗುವುದು ಅದಕ್ಕೆ.

ಹಾಗಾದರೆ ಏನು ಹಚ್ಚಬೇಕು? ಅಂಗಡಿಯಲ್ಲಿ ನೂರು ಬಗೆಯ ಡಬ್ಬಿಗಳಿದ್ದರೂ ಒಳಗಿರುವ ಕೆಲಸಗಾರರು ಮೂರೇ ಜಾತಿ. ನೀರನ್ನು ಎಳೆದು ಹಿಡಿಯುವವರು, ಸಂದಿಗೆ ಗಾರೆ ತುಂಬುವವರು, ಮೇಲೆ ಮುಚ್ಚಳ ಹಾಕುವವರು.

ಎಳೆದು ಹಿಡಿಯುವುದು ಎಂದರೇನೆಂದು ಕರಾವಳಿಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಭರಣಿಯ ಉಪ್ಪು ತಾನಾಗಿ ನೀರೊಡೆಯುತ್ತದೆ, ಬೆಲ್ಲ ಕೈಗೆ ಅಂಟುತ್ತದೆ. ಗಾಳಿಯ ತೇವವನ್ನು ಅವು ಎಳೆದುಕೊಂಡಿವೆ. ಗ್ಲಿಸರಿನ್ ಮಾಡುವುದೂ ಇದನ್ನೇ. ಇದರ ಕತೆ ಚೆನ್ನಾಗಿದೆ. 1779ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್‌ಹೆಲ್ಮ್ ಶೀಲೆ ಎಂಬ ಔಷಧಿ ತಯಾರಕ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನ ಜೊತೆ ಕಾಯಿಸುತ್ತಿದ್ದಾಗ ಒಂದು ಸಿಹಿಯಾದ, ಮಂದವಾದ ದ್ರವ ಸಿಕ್ಕಿತು. ತಾನು ತಯಾರಿಸಿದ ಪದಾರ್ಥಗಳ ರುಚಿ ನೋಡುವ ಅಭ್ಯಾಸ ಆತನಿಗಿತ್ತು. (ಮಕ್ಕಳೇ, ಪ್ರಯೋಗಶಾಲೆಯಲ್ಲಿ ಈ ಒಂದು ವಿಷಯದಲ್ಲಿ ಆತನನ್ನು ಅನುಸರಿಸಬೇಡಿ. ಆತ 43 ವರ್ಷಕ್ಕೇ ತೀರಿಕೊಂಡ.) ಮುಂದೆ ಫ್ರಾನ್ಸಿನ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಸಿಹಿ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಗ್ಲಿಸರಿನ್ ಎಂದು ಹೆಸರಿಟ್ಟ. ಈತ ಮಾತ್ರ 100 ವರ್ಷ ದಾಟಿ ಬದುಕಿದ. ಎಣ್ಣೆಗೆ ಕ್ಷಾರ ಸೇರಿಸಿ ಸೋಪು ಮಾಡುವಾಗಲೆಲ್ಲ ಗ್ಲಿಸರಿನ್ ಹುಟ್ಟುತ್ತದೆ. ಕೇಕಿಗೂ ಕೆಮ್ಮಿನ ಸಿರಪ್ಪಿಗೂ ಅದನ್ನು ಹಾಕುತ್ತಾರೆ. ಔಷಧದ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಹುಡುಗಿ ಕೇಳಿದ ಸೀರಮ್ಮಿನಲ್ಲಿರುವುದು ಹಯಲುರಾನಿಕ್ ಆಸಿಡ್. ಹೆಸರು ಕೇಳಿ ಹೆದರಬೇಡಿ, ಸುಡುವ ಆಸಿಡ್ ಅಲ್ಲ. ನಮ್ಮ ಕಣ್ಣಿನೊಳಗೆ, ಕೀಲುಗಳಲ್ಲಿ, ಚರ್ಮದಲ್ಲಿ ಅದು ಹುಟ್ಟಿನಿಂದಲೇ ಇದೆ. 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ಅದನ್ನು ದನದ ಕಣ್ಣಿನ ಒಳಗಿನ ಲೋಳೆಯಿಂದ ಬೇರ್ಪಡಿಸಿದರು. ಆಮೇಲೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. ಒಳ್ಳೆಯ ಪದಾರ್ಥವೇ, ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರ ದೊಡ್ಡ ಅಣುಗಳು ಚರ್ಮದೊಳಗೆ ಇಳಿಯುವುದಿಲ್ಲ, ಮೇಲೆಯೇ ಕೂತು ಕೆಲಸ ಮಾಡುತ್ತವೆ. ಆ ಕೆಲಸವನ್ನು ಗ್ಲಿಸರಿನ್ ಕಡಿಮೆ ದುಡ್ಡಿಗೆ ಮಾಡುತ್ತದೆ. ಬೂದಿಗಾಲಿಗೆ 600 ರೂಪಾಯಿ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಸೀರಮ್ ಎಂಬ ಹೆಸರಿನಲ್ಲೇ ರೆಟಿನಾಲ್ ಮತ್ತು ಸಿಪ್ಪೆ ಸುಲಿಯುವ ಆಸಿಡ್ ಹಾಕಿದವೂ ಬರುತ್ತವೆ. ಅವು ಹನ್ನೊಂದು ವರ್ಷದ ಚರ್ಮಕ್ಕೆ ಹೇಳಿದ್ದಲ್ಲ, ಗಾರೆಯನ್ನು ಇನ್ನಷ್ಟು ಕೆಡಿಸುತ್ತವೆ.

ನೀರು ಹಿಡಿಯುವವರಿಗೆ ಒಂದು ಚಾಳಿಯಿದೆ. ಮಂಗಳೂರಿನ ಗಾಳಿಯಲ್ಲಿ ತೇವ ಧಾರಾಳ, ವಿಜಯಪುರದ ಜನವರಿಯ ಗಾಳಿಯಲ್ಲಿ ಎಲ್ಲಿಂದ ತರಬೇಕು? ಹೊರಗೆ ಸಿಗದಿದ್ದರೆ ಚರ್ಮದ ಒಳಪದರದಿಂದಲೇ ಎಳೆಯುತ್ತವೆ, ಆ ನೀರು ಮೇಲೆ ಬಂದು ಆರಿಹೋಗುತ್ತದೆ. ಆದ್ದರಿಂದ ಗ್ಲಿಸರಿನ್ ಆಗಲಿ ಸೀರಮ್ ಆಗಲಿ ಒಣಮೈಗೆ ಹಚ್ಚಿ ಹಾಗೇ ಬಿಡಬಾರದು. ಒದ್ದೆಮೈಗೆ ಹಚ್ಚಬೇಕು, ಮೇಲೆ ಮುಚ್ಚಳ ಹಾಕಬೇಕು.

ಮುಚ್ಚಳದಲ್ಲಿ ಎಲ್ಲಕ್ಕಿಂತ ಬಿಗಿ ವ್ಯಾಸಲೀನ್, ಅಂದರೆ ಪೆಟ್ರೋಲಿಯಂ ಜೆಲ್ಲಿ. 1859ರಲ್ಲಿ ಅಮೆರಿಕದ ಟೈಟಸ್‌ವಿಲ್ ಎಂಬಲ್ಲಿ ಕಲ್ಲೆಣ್ಣೆ ಸಿಕ್ಕಿದ ಸುದ್ದಿ ಕೇಳಿ ರಾಬರ್ಟ್ ಚೀಸ್‌ಬರೊ ಎಂಬ ಯುವಕ ಅಲ್ಲಿಗೆ ಹೋದ. ಕೊಳವೆ ಸಲಾಕೆಗಳಿಗೆ ಮೆತ್ತಿಕೊಳ್ಳುವ ಒಂದು ಮೇಣದಂಥ ಜಿಡ್ಡನ್ನು ಕೆಲಸಗಾರರು ಬೈದುಕೊಂಡು ಕೆರೆದು ಬಿಸಾಡುತ್ತಿದ್ದರು, ಸುಟ್ಟ ಗಾಯಕ್ಕೆ ಅದನ್ನೇ ಸವರಿಕೊಳ್ಳುತ್ತಲೂ ಇದ್ದರು. ಆತ ಅದನ್ನು ಶುದ್ಧಮಾಡಿ 1872ರಲ್ಲಿ ಪೇಟೆಂಟ್ ಪಡೆದ. ವ್ಯಾಸಲೀನ್ ಚರ್ಮಕ್ಕೆ ಹೊಸದಾಗಿ ನೀರು ಕೊಡುವುದಿಲ್ಲ, ಇರುವ ನೀರನ್ನು ಬಿಡುವುದಿಲ್ಲ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ.

ಮುತ್ಯಾ ಅವರೇ, ನಿಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ ಎಂದಿರಿ. ಇತ್ತು, ಬೇರೆ ಹೆಸರಿನಲ್ಲಿ ಇತ್ತು. ತುಟಿ ಒಡೆದರೆ ಬೆಣ್ಣೆ, ಕೈಕಾಲಿಗೆ ಕೊಬ್ಬರಿ ಎಣ್ಣೆ, ದೀಪಾವಳಿಗೆ ಎಣ್ಣೆಸ್ನಾನ. ಕೊಬ್ಬರಿ ಎಣ್ಣೆ ಗಾರೆಯೂ ಹೌದು, ಸ್ವಲ್ಪ ಮುಚ್ಚಳವೂ ಹೌದು. ಫಿಲಿಪ್ಪೀನ್ಸಿನಲ್ಲಿ ಒಣಚರ್ಮದವರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಅದು ಖನಿಜ ಎಣ್ಣೆಗೆ ಸರಿಸಮನಾಗಿ ನಿಂತಿತು. ವ್ಯತ್ಯಾಸ ಬರುವುದು ಹಚ್ಚುವ ಹೊತ್ತಿನಲ್ಲಿ. ನಾವು ಎಣ್ಣೆ ಹಚ್ಚಿ, ಆಮೇಲೆ ಸೀಗೆಪುಡಿಯೋ ಸೋಪೋ ಹಾಕಿ ಉಜ್ಜಿ ಅದನ್ನು ಪೂರ್ತಿ ತೆಗೆದುಬಿಡುತ್ತೇವೆ. ಹಬ್ಬದ ಎಣ್ಣೆಸ್ನಾನ ಹಾಗೇ ಇರಲಿ, ಅದರ ಸುಖ ಬೇರೆ. ದಿನನಿತ್ಯ ಮಾತ್ರ ಸ್ನಾನ ಆದ ಮೇಲೆ ಹಚ್ಚಿ.

ಸ್ನಾನದ ವಿಷಯಕ್ಕೆ ಬಂದರೆ ನಾನು ಮಲೆನಾಡಿನವನು, ಹಂಡೆ ತುಂಬ ಕುದಿಯುವ ನೀರು ಕಂಡು ಬೆಳೆದವನು. ಬೆನ್ನಿನ ಮೇಲೆ ಸುಡುವ ನೀರು ಸುರಿದುಕೊಳ್ಳುವ ಆನಂದ ನನಗೆ ಗೊತ್ತು. ಆದರೂ ಹೇಳಲೇಬೇಕು: ನೀರು ಬೆಚ್ಚಗೆ ಸಾಕು, ಹತ್ತು ನಿಮಿಷ ಸಾಕು. ಎಣ್ಣೆ ಪಾತ್ರೆಯ ಜಿಡ್ಡು ಬಿಸಿನೀರಿಗೆ ಬೇಗ ಹೋಗುವ ಹಾಗೆಯೇ ಮೈಯ ಜಿಡ್ಡೂ ಹೋಗುತ್ತದೆ. ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಸಾಧಾರಣ ಸೋಪು ಕ್ಷಾರ ಸ್ವಭಾವದ್ದು. ಕಂಕುಳು, ತೊಡೆಸಂದಿ, ಪಾದ ಇಷ್ಟಕ್ಕೆ ದಿನಾ ಸೋಪು ಹಾಕಿದರೆ ಸಾಕು. ಮಣ್ಣಿನಲ್ಲಿ ಆಡಿ ಬಂದ ಮಕ್ಕಳಿಗೆ ಈ ರಿಯಾಯಿತಿ ಇಲ್ಲ.

ಆಮೇಲೆ ಟವೆಲಿನಿಂದ ತಿಕ್ಕಬೇಡಿ, ಒತ್ತಿ ಒರೆಸಿ. ಮೈ ಇನ್ನೂ ತುಸು ಒದ್ದೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ, ಹಚ್ಚಿ ಮುಗಿಸಿ. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚರ್ಮ ಆಗ ನೀರು ಕುಡಿದು ಕೂತಿರುತ್ತದೆ, ಅದನ್ನು ಒಳಗೇ ಉಳಿಸುವುದಷ್ಟೇ ನಿಮ್ಮ ಕೆಲಸ. ಒಂದು ಪಾಲು ಗ್ಲಿಸರಿನ್ನಿಗೆ ನಾಲ್ಕು ಪಾಲು ಪನ್ನೀರು ಬೆರೆಸಿ ಕೈಕಾಲಿಗೆ ತೆಳ್ಳಗೆ ಸವರಿ, ಮೇಲೆ ಕೊಬ್ಬರಿ ಎಣ್ಣೆ ನಾಲ್ಕು ಹನಿ. ಈ ಮಿಶ್ರಣ ಎರಡು ಮೂರು ದಿನಕ್ಕೆ ಆಗುವಷ್ಟೇ ಮಾಡಿ, ಇಟ್ಟರೆ ಕೆಡುತ್ತದೆ. ನಿಂಬೆರಸ ಸೇರಿಸಲು ಯಾರಾದರೂ ಹೇಳಿದರೆ ಕೇಳಬೇಡಿ, ಒಡೆದ ಚರ್ಮಕ್ಕೆ ಉರಿ, ಬಿಸಿಲಿಗೆ ಹೋದರೆ ಕಲೆ. ಬೆರೆಸುವ ತಾಪತ್ರಯ ಬೇಡವೆಂದರೆ ಪರಿಮಳವಿಲ್ಲದ ಒಂದು ಸಾಧಾರಣ ಕ್ರೀಮು ತನ್ನಿ. ಡಬ್ಬಿಯ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಅಜ್ಜನ ಭೂತಗನ್ನಡಿ ಹಿಡಿದು ಮೊಮ್ಮಗಳು ಓದಲಿ: ನೀರಿನ ನಂತರ ಎರಡನೆಯದೋ ಮೂರನೆಯದೋ ಗ್ಲಿಸರಿನ್ ಇದ್ದರೆ ಸರಿ. ಚಂದದ ಹೆಸರಿನ ಹೂವು ಹಣ್ಣುಗಳೆಲ್ಲ ಬಹಳ ಸಲ ಪಟ್ಟಿಯ ಬಾಲದಲ್ಲಿರುತ್ತವೆ. ಹೊಸದೇನೇ ತಂದರೂ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ.

ಇನ್ನು ಹಿಮ್ಮಡಿ. ಇದನ್ನು 'ವಯಸ್ಸಾದ ಮೇಲೆ ಇದ್ದದ್ದೇ' ಎಂದು ಬಿಡುವ ಹಾಗಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಮಂಕಾಗುತ್ತವೆ. ಅಲ್ಲಿ ಬೆವರುವುದು ಕಡಿಮೆಯಾಗಿ ಚರ್ಮ ಒಣಗುತ್ತದೆ, ಒಡೆಯುತ್ತದೆ. ಒಡೆದದ್ದು ನೋಯುವುದೂ ಇಲ್ಲ. ಆ ಬಿರುಕಿನಿಂದ ಸೋಂಕು ಒಳಗೆ ಹೋದರೆ ಬೆರಳು, ಪಾದ ಕಳೆದುಕೊಳ್ಳುವವರೆಗೂ ಹೋದೀತು. ಈಗಾಗಲೇ ರಕ್ತ ಬರುತ್ತಿದೆ ಎಂದು ಬರೆದಿದ್ದೀರಿ. ಪತ್ರಿಕೆ ಮಡಚಿಟ್ಟು ಮೊದಲು ವೈದ್ಯರಿಗೆ ಪಾದ ತೋರಿಸಿ. ಬ್ಲೇಡಿನಿಂದ ಹೆರೆಯುವುದು, ಕಲ್ಲಿನಿಂದ ಉಜ್ಜುವುದು ಬೇಡವೇ ಬೇಡ. ಬಿರುಕು ಮಾಯ್ದ ಮೇಲೆ ಅವರನ್ನೇ ಕೇಳಿ ಯೂರಿಯಾ ಇರುವ ಕ್ರೀಮು ಹಚ್ಚಬಹುದು. ಹೌದು, ಗೊಬ್ಬರದ ಚೀಲದಲ್ಲಿರುವ ಅದೇ ಯೂರಿಯಾ, ನಮ್ಮ ಚರ್ಮವೂ ನೀರು ಹಿಡಿದಿಡಲು ಅದನ್ನು ಇಟ್ಟುಕೊಂಡಿದೆ. ದಪ್ಪ ಹಿಮ್ಮಡಿಯನ್ನು ಅದು ಮೆತ್ತಗೆ ಮಾಡುತ್ತದೆ. ಹಾಗೆಂದು ಹೊಲದ ಚೀಲಕ್ಕೆ ಯಾರೂ ಕೈಹಾಕಬೇಡಿ!

ತನ್ನ ಅಂಗಾಲನ್ನು ತಾನೇ ನೋಡಿಕೊಳ್ಳುವುದು ಎಪ್ಪತ್ತು ದಾಟಿದವರಿಗೆ ಕಷ್ಟ. ಬಗ್ಗಲಾಗುವುದಿಲ್ಲ, ಕಣ್ಣೂ ಮಂಜು. ಆದ್ದರಿಂದ ಪುಟ್ಟಿ, ಈ ಕೆಲಸ ನಿನ್ನದು. ರಾತ್ರಿ ಊಟವಾದ ಮೇಲೆ ಮುತ್ಯಾನ ಪಾದ ನಿನ್ನ ಮುಂದಿರಲಿ. ದೀಪದ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡು. ಹೊಸ ಬಿರುಕು, ಗುಳ್ಳೆ, ಕೆಂಪು ಕಂಡರೆ ಆಗಲೇ ಅಪ್ಪ ಅಮ್ಮನಿಗೆ ಹೇಳು. ಕ್ರೀಮನ್ನು ಅಂಗಾಲಿಗೆ ಹಿಮ್ಮಡಿಗೆ ಹಚ್ಚು, ಬೆರಳುಗಳ ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಬೂಷ್ಟು ಬೆಳೆಯುತ್ತದೆ. ಮೇಲೆ ಹತ್ತಿಯ ಕಾಲುಚೀಲ ಹಾಕಿಸು. ಹಚ್ಚಿದ ಮೇಲೆ ಅವರು ಎದ್ದು ಓಡಾಡದಿರಲಿ. ಎಣ್ಣೆಗಾಲು, ನುಣುಪು ನೆಲ, ಮುರಿದ ಸೊಂಟ ಇವು ಮೂರೂ ಒಂದೇ ಬೀದಿಯವು. ಬಚ್ಚಲಿನಲ್ಲಿ ನಿಂತು ಎಣ್ಣೆ ಹಚ್ಚಿಕೊಳ್ಳುವ ಅಜ್ಜಿಯರಿಗೂ ಇದನ್ನೇ ಹೇಳುತ್ತೇನೆ, ಹೊರಗೆ ಬಂದು ಮಣೆಯ ಮೇಲೆ ಕೂತು ಹಚ್ಚಿಕೊಳ್ಳಿ.

ಮುತ್ಯಾ ಅವರೇ, ಪ್ರತಿಯಾಗಿ ನೀವು ಒಂದು ಸಣ್ಣ ಬಾಟಲಿ ಗ್ಲಿಸರಿನ್, ಒಂದು ಡಬ್ಬಿ ವ್ಯಾಸಲೀನ್ ತನ್ನಿ. ಇಬ್ಬರಿಗೂ ಆಗುತ್ತದೆ. ಶಾಲೆಗೆ ಹೊರಡುವ ಮುನ್ನ ಮೊಮ್ಮಗಳ ಮೊಣಕೈ, ಮೊಣಕಾಲಿಗೆ ಹಚ್ಚಿದಳೇ ಎಂದು ನೋಡಿ. ಅದು ಶೋಕಿಯಲ್ಲ. ಉಗುರಿನ ಗೀಟು ಮೂಡದಿದ್ದರೆ ಹಿಂದಿನ ಸಾಲಿನವರಿಗೆ ಆಟವೇ ಇರುವುದಿಲ್ಲ.

ವ್ಯಾಸಲೀನ್, ಪ್ಯಾರಾಫಿನ್ ಇರುವ ಕ್ರೀಮುಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಅವು ನೆನೆದ ಬಟ್ಟೆ, ಹಾಸಿಗೆ ಬೆಂಕಿಗೆ ತಾಗಿದರೆ ಬಹಳ ಬೇಗ ಹತ್ತಿ ಉರಿಯುತ್ತವೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಸಾರಿ ಹೇಳಿದೆ. ಬೀಡಿ ಸೇದುವ ಅಜ್ಜಂದಿರು, ದೇವರ ಮುಂದೆ ದೀಪ ಹಚ್ಚುವ ಅಜ್ಜಿಯರು ಜಿಡ್ಡಿನ ಪಂಚೆ, ಸೆರಗಿನೊಡನೆ ಬೆಂಕಿಯ ಹತ್ತಿರ ಕೂರಬೇಡಿ. ಅಂಥ ಬಟ್ಟೆಯನ್ನು ಆಗಾಗ ಒಗೆಯಿರಿ, ಒಗೆದರೂ ಜಿಡ್ಡು ಪೂರ್ತಿ ಹೋಗಿರುವುದಿಲ್ಲ ಎಂಬುದೂ ನೆನಪಿರಲಿ.

ಕೊಡಗಟ್ಟಲೆ ನೀರು ಕುಡಿದರೆ ಒಣಚರ್ಮ ಹೋಗುತ್ತದೆಯೇ ಎಂದು ಎಷ್ಟೋ ಜನ ಕೇಳುತ್ತಾರೆ. ಬಾಯಾರಿಕೆಗೆ ತಕ್ಕಷ್ಟು ಕುಡಿಯುವವರಿಗೆ ಅದರಿಂದ ವಿಶೇಷ ಲಾಭವಿಲ್ಲ, ಸೋರುವ ಗಡಿಗೆಗೆ ನೀರು ಸುರಿದಂತೆ. ಆದರೆ ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲ. ಅವರ ಪಕ್ಕ ಒಂದು ತಂಬಿಗೆ ಇಟ್ಟು ಆಗಾಗ ನೆನಪಿಸಿ. ಎರಡು ವಾರ ಬಿಡದೆ ಹಚ್ಚಿದರೂ ತುರಿಕೆ ಇಳಿಯದಿದ್ದರೆ, ಚರ್ಮ ಕೆಂಪಾಗಿ ರಸಿ ಬಂದರೆ, ಏನೂ ಕಾಣದೆ ಮೈಯೆಲ್ಲ ತುರಿಸಿದರೆ ವೈದ್ಯರ ಹತ್ತಿರ ಹೋಗಬೇಕು. ಮೂತ್ರಪಿಂಡ, ಯಕೃತ್ತು, ಥೈರಾಯ್ಡಿನ ತೊಂದರೆಗಳೂ ಕೆಲವೊಮ್ಮೆ ತುರಿಕೆಯಾಗಿ ತೋರುತ್ತವೆ.

ಮಕ್ಕಳಿಗೆ ಈ ವಾರದ ಪ್ರಯೋಗ. ಒಂದು ಆಲೂಗಡ್ಡೆಯನ್ನು ದೊಡ್ಡವರಿಂದ ಎರಡು ಹೋಳು ಮಾಡಿಸಿಕೊಳ್ಳಿ. ಒಂದು ಹೋಳಿನ ಕತ್ತರಿಸಿದ ಮುಖಕ್ಕೆ ತೆಳ್ಳಗೆ ವ್ಯಾಸಲೀನ್ ಸವರಿ, ಇನ್ನೊಂದನ್ನು ಹಾಗೇ ಬಿಡಿ. ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ನೀರು, ಒಂದು ಹನಿ ಗ್ಲಿಸರಿನ್ ಇಡಿ. ಎರಡು ದಿನ ಯಾರೂ ಮುಟ್ಟದಿರಲಿ. ಯಾವ ಹೋಳು ಸುಕ್ಕಾಯಿತು, ಯಾವ ಹನಿ ಉಳಿಯಿತು ಎಂದು ಬೆಳಿಗ್ಗೆ ಸಂಜೆ ನೋಡಿ ಬರೆದಿಟ್ಟು ಒಂದು ಕಾರ್ಡಿನಲ್ಲಿ ನನಗೆ ತಿಳಿಸಿ, ನಿಮ್ಮ ಊರಿನ ಹೆಸರೂ ಇರಲಿ. ಒಳನಾಡಿನ ಹೋಳಿಗೂ ಕರಾವಳಿಯ ಹೋಳಿಗೂ ವ್ಯತ್ಯಾಸ ಕಾಣುತ್ತದೋ ನೋಡೋಣ. ಪ್ರಯೋಗ ಮುಗಿದ ಆಲೂಗಡ್ಡೆಯನ್ನು ಪಲ್ಯಕ್ಕೆ ಹಾಕದಂತೆ ಅಜ್ಜಿಗೆ ಮೊದಲೇ ಹೇಳಿಡಿ.